ಎಪ್ಪತ್ತೊಂದನೆಯ ಖಾನೆ

ಕೀಲಿಕೈ ತಗೊ ನೇಯಾ, ಇನ್ನು ಇದು ನಿನ್ನದು.
ಲ್ಯುಬ್ಲಿಯಾನಾದ ಈ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ಲೋಕವನ್ನು ಮಡಿಸಿಟ್ಟೆ.
ಶುಕ್ರವಾರದಿಂದ ನಾನು ಬರೀ ದ್ರಾಗಿಚಾ.

ಶುರುವಿನಲ್ಲಿ ಈ ಬೀರುವೂ ಇರಲಿಲ್ಲ.
ದೇಶಕ್ಕೆ ಆಗಿನ್ನೂ ಹಲ್ಲು ಮೂಡದ ವಯಸ್ಸು.
ನನ್ನನ್ನು ನಾಟಕಶಾಲೆಯ ಹೊಲಿಗೆಕೋಣೆಯಿಂದ ಕರೆತಂದರು,
ರಾಜರ ಮೇಲಂಗಿ ಹೊಲಿದವಳು
ಬಾವುಟ ಹೊಲಿಯಲಾರಳೇ ಎಂದು.
ಮೊದಲ ರಾಯಭಾರಿ ಮಂಗಳವಾರ ಬರುವವನು,
ಅವನ ಹಸಿರು ಊರಿನ ಯಾವ ಅಂಗಡಿಯಲ್ಲೂ ಇಲ್ಲ.
ಮೂರನೆಯ ಅಂಕದ ಕಾಡಿನ ಪರದೆ ಕತ್ತರಿಸಿದೆ.
ಬಂದ, ತಲೆಯೆತ್ತಿ ನೋಡಿದ,
ತನ್ನ ನಾಡಿನ ಹಸಿರಲ್ಲ ಎಂದು ಅವನಿಗೆ ಗೊತ್ತಾಯಿತು,
ಗೊತ್ತಾದದ್ದು ನನಗೂ ಗೊತ್ತಾಯಿತು.
ಸುಮ್ಮನೆ ತಲೆಬಾಗಿದ.
ರಾಜತಾಂತ್ರಿಕತೆ ಅಂದರೇನೆಂದು ಆಮೇಲೆ
ನಾನು ಯಾರನ್ನೂ ಕೇಳಲಿಲ್ಲ.

ರೇಷ್ಮೆಗೆ ಇಸ್ತ್ರಿ ಹದವಾಗಿ, ಒದ್ದೆ ಬಟ್ಟೆ ಹಾಸಿ.
ನಕ್ಷತ್ರದ ಒಂದು ಮೊನೆ ಯಾವಾಗಲೂ ಮೇಲಕ್ಕೆ.
ತಲೆಕೆಳಗಾದರೆ ಫೋನು ಬರುತ್ತದೆ, ಆಮೇಲೆ ಪತ್ರ,
ಆಮೇಲೆ ಮಂತ್ರಿಗೆ ನಿದ್ದೆಯಿಲ್ಲ.
ಹದಿನೇಳು, ನಲವತ್ತು: ಅಕ್ಕಪಕ್ಕ ಇಡಬೇಡ,
ಅವರಿಬ್ಬರಿಗೂ ಗಡಿಯಲ್ಲಿ ಒಂದು ಹೊಳೆಯ ಜಗಳ.
ಬಟ್ಟೆಗೇನು ತಿಳಿಯುತ್ತೆ ಅಂತ ನಗಬೇಡ.
ಒಮ್ಮೆ ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹತ್ತಿತ್ತು,
ತಣ್ಣೀರು, ಉಪ್ಪು, ಇಡೀ ರಾತ್ರಿ, ನಾನು.
ತೀರ ಕೆಳಗೆ, ಸಂಖ್ಯೆಯಿಲ್ಲದ ಖಾನೆಯಲ್ಲಿ
ನಾನು ಹುಟ್ಟಿದ ದೇಶವಿದೆ. ಅದಕ್ಕೆ ರಾಯಭಾರಿ ಇಲ್ಲ.
ತೆಗೆಯಬೇಕಾಗಿಲ್ಲ. ಇದ್ದರೆ ಇರಲಿ.

ಇನ್ನು ಎಪ್ಪತ್ತೊಂದು.
ದೇಶದ ಹೆಸರು ಹೇಳುವುದಿಲ್ಲ,
ನನ್ನ ಸಂಬಳದಲ್ಲಿ ನಾಲಿಗೆಯ ಬಾಡಿಗೆಯೂ ಸೇರಿತ್ತು.
ನವೆಂಬರಿನ ಮಂಜು, ಹೊಳೆ ಕಾಣದ ಬೆಳಗು,
ಅಧಿಕಾರಪತ್ರ ಒಪ್ಪಿಸಲು ಬಂದವನ ಕೋಟಿನ ಗುಂಡಿ
ಮೆಟ್ಟಿಲ ಮೇಲೆ ಟಣ್ಣೆಂದು ಉದುರಿತು.
ಮೇಲೆ ವಾದ್ಯದವರು ತುತ್ತೂರಿ ಎತ್ತಿಕೊಂಡಾಗಿತ್ತು.
ಕಪ್ಪು ದಾರ ಸಿಗಲಿಲ್ಲ, ಸೂಜಿಯಲ್ಲಿದ್ದದ್ದು ನೀಲಿ.
ತೊಟ್ಟ ಬಟ್ಟೆಗೆ ಸೂಜಿ ಹಾಕಬಾರದು
ಅಂತ ನಮ್ಮಜ್ಜಿ ಬಯ್ಯುತ್ತಿದ್ದಳು, ಅಂದೆ.
ನಮ್ಮಜ್ಜಿಯೂ, ಅಂದ.
ಸಹಿಯಿಲ್ಲದೆ ಅವತ್ತು ಆದ ಒಪ್ಪಂದ ಅದೊಂದೇ.
ಹಲ್ಲಿನಿಂದ ದಾರ ಕಡಿದೆ.
ಕೋಟಿಗೆ ನುಸಿಗುಳಿಗೆಯ ವಾಸನೆ,
ನಮ್ಮ ಬೀರುವಿನದೇ.

ಆರು ವರ್ಷ, ಪ್ರತಿ ಹೊಸವರ್ಷಕ್ಕೆ
ಒಂದು ಡಬ್ಬಿ ಒಣ ಏಪ್ರಿಕಾಟು,
'ಹೊಲಿಗೆಯಮ್ಮನಿಗೆ' ಎಂದು ಚೀಟಿ.
ಆಮೇಲೆ ಆ ಮಾರ್ಚ್. ಟೀವಿಯಲ್ಲಿ ನೀನೂ ನೋಡಿದ್ದೀಯೆ,
ಆದದ್ದು ಸಣ್ಣದಲ್ಲ,
ಅವನ ಪರ ವಾದಿಸುವವಳಲ್ಲ ನಾನು.
ನಲವತ್ತೆಂಟು ಗಂಟೆ ಕೊಟ್ಟರು.
ಸಂಬಂಧ ಹರಿದುಬಿತ್ತು ಎಂದು ವಾರ್ತೆಯವಳು ಓದಿದಳು.
ಹರಿದದ್ದು ಹೊಲಿಗೆಯಗುಂಟವೋ, ಬಟ್ಟೆಯ ನಡುವೆಯೋ,
ಹೇಳಲಿಲ್ಲ. ನಮ್ಮ ಕಸುಬಿನವರಿಗೆ
ಮೊದಲು ಬೇಕಾದದ್ದೇ ಅದು.

ವಿಮಾನನಿಲ್ದಾಣ ತೋರಿಸಿದರು. ಅದೇ ಕೋಟು.
ಕನ್ನಡಕ ಹಾಕಿಕೊಂಡು
ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ.
ಕ್ಯಾಮೆರಾಗೆ ಬರೀ ಮುಖ ಬೇಕಿತ್ತು.

ಸಭಾಂಗಣದಿಂದ ಇದನ್ನು ಹೊತ್ತು ತಂದ ಹುಡುಗ
ಎಸೆಯಲೇ ಅಂದ. ಕೊಡಿಲ್ಲಿ ಅಂದೆ.

ನುಸಿಗೆ ಪತ್ರಿಕೆ ಓದಲು ಬರುವುದಿಲ್ಲ,
ಅದಕ್ಕೆ ಎಲ್ಲ ಖಾನೆಯೂ ಒಂದೇ.
ವರ್ಷಕ್ಕೊಮ್ಮೆ, ಲಿಂಡನ್ ಹೂ ಬಿಡುವ ವಾರ,
ಹೊರಗೆ ತೆಗೆದು ಕೊಡವು. ಬಿಸಿಲಿಗಲ್ಲ, ನೆರಳಿಗೆ.
ಬೀದಿ ಕಡೆಯ ಕಿಟಕಿ ಮುಚ್ಚಿಕೊ,
ಯಾರಾದರೂ ಫೋಟೋ ತೆಗೆದಾರು.
ಮತ್ತೆ ಮಡಿಸುವಾಗ ಹಳೆಯ ಗೆರೆಯ ಮೇಲೇ ಮಡಿಸಬೇಡ,
ನಾಲ್ಕು ಬೆರಳು ಆಚೆ.
ಒಂದೇ ಜಾಗದಲ್ಲಿ ಮಡಿಸಿದ್ದು
ಅಲ್ಲೇ ಬಿಟ್ಟುಕೊಳ್ಳುತ್ತದೆ.

ಸೂಜಿಗಳು ಈ ಡಬ್ಬಿಯಲ್ಲಿ.
ಕಪ್ಪು ದಾರ ತಂದಿಟ್ಟಿದ್ದೇನೆ ಈಗ,
ಎರಡು ರೀಲು.